ಕಿಮ್ಚಿ ಜಾಡಿಯ ಮೇಲಿನ ಕುಂಡ

ಅಕ್ಕಿ ತೊಳೆದ ಎರಡನೆಯ ನೀರನ್ನು ಇನ್ನೂ ಬಸಿದಿರಲಿಲ್ಲ, ಕರೆಗಂಟೆ ಹೊಡೆಯಿತು. ಇಂಜು ಒದ್ದೆ ಕೈಯಲ್ಲೇ ಹೋಗಿ ಬಾಗಿಲು ತೆಗೆದಳು. ಇನ್ನೊಂದು ಆರ್ಕಿಡ್. ಅದನ್ನು ಹಿಡಿದವನ ಮುಖ ಕಾಣುತ್ತಿರಲಿಲ್ಲ. ಹೂಗೊಂಚಲಿಗೆ ಎರಡು ಕಾಲು ಮೂಡಿ ಮಹಡಿ ಹತ್ತಿ ಬಂದಂತಿತ್ತು.

"ಎಲ್ಲಿಡ್ಲಿ ಮೇಡಂ?"

"ಎಲ್ಲಾದ್ರೂ ಇಡಿ."

ಕಾಲುಗಳು ಅಲ್ಲಾಡಲಿಲ್ಲ. "ಎಲ್ಲಾದ್ರೂ ಅನ್ಬೇಡಿ ಮೇಡಂ. ಹೋದ ವಾರ ಹಾಗೇ ಅಂದ್ರಿ, ನಾನು ಚಪ್ಪಲಿ ಗೂಡಿನ ಹತ್ರ ಇಟ್ಟೆ. ಕುಂಡ ಕಳಿಸಿದ ಸಾಹೇಬ್ರ ಕಡೆಯವ್ರು ನಮ್ಮ ಅಂಗಡಿಗೆ ಬಂದು ಅತ್ತುಬಿಟ್ರು."

ಅವಳು ಪ್ರೊಫೆಸರ್ ಆದಾಗ ಅಭಿನಂದನೆಯ ಮೂರು ಕುಂಡ ಬಂದಿದ್ದವು. ದೇಶಕ್ಕೆ ಅಧ್ಯಕ್ಷೆಯಾಗಿ ಗೆದ್ದ ಮೇಲೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರತಿ ಕುಂಡಕ್ಕೂ ಅಗಲವಾದ ರಿಬ್ಬನ್. ರಿಬ್ಬನ್ನಿನ ಮೇಲೆ ಕಳಿಸಿದವರ ಹೆಸರು, ಎದುರಿನ ಕಟ್ಟಡದಿಂದಲೂ ಓದುವಷ್ಟು ದಪ್ಪಕ್ಷರದಲ್ಲಿ. ಎದುರಿನ ಕಟ್ಟಡದಿಂದ ನಿಜಕ್ಕೂ ಓದುತ್ತಿದ್ದರು. ಅಲ್ಲಿ ಪತ್ರಕರ್ತರು ಮನೆ ಬಾಡಿಗೆಗೆ ಹಿಡಿದು, ಇವಳ ಗಾಜಿನ ವರಾಂಡಕ್ಕೆ ಕ್ಯಾಮೆರಾ ನೆಟ್ಟು ಕೂತಿದ್ದರು. ಯಾರ ಕುಂಡ ಬಿಸಿಲಿನಲ್ಲಿದೆ, ಯಾರದು ನೆರಳಿನಲ್ಲಿದೆ ಎಂದು ನೋಡಿ, ಯಾರು ಮಂತ್ರಿಯಾಗುತ್ತಾರೆಂದು ಬರೆಯುತ್ತಿದ್ದರು.

ಒಳಗಿನಿಂದ ಗಂಡ ಟೆಹೊ, ಎಂದಿನಂತೆ ಮಗಳ ಹೆಸರು ಹಿಡಿದು ಅವಳನ್ನು ಕೂಗಿದ. "ಬೋಮಿ ಅಮ್ಮಾ, ನನ್ನ ಶೂ ಯಾವ ಮಂತ್ರಿ ಹಿಂದೆ ಇದೆ?"

ಟೆಹೊ ದಂತವೈದ್ಯ. ಹೆಂಡತಿ ಗೆದ್ದ ಮೇಲೂ ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಬಾಯಿ ತೆರೆದವರು ಅಲ್ಲಿ ನಿಜವಾಗಿಯೂ ಏನನ್ನಾದರೂ ತೋರಿಸುತ್ತಾರೆ ಎನ್ನುತ್ತಿದ್ದ.

ಅಧಿಕಾರ ಸ್ವೀಕಾರಕ್ಕೆ ಇನ್ನೂ ಕೆಲವು ದಿನವಿತ್ತು. ಅಲ್ಲಿಯವರೆಗೆ ಅವಳು ಅಧ್ಯಕ್ಷೆಯೂ ಅಲ್ಲ, ಮೊದಲಿನ ಇಂಜುವೂ ಅಲ್ಲ. ಎಲ್ಲರೂ "ಚುನಾಯಿತರೇ" ಎಂದು ಕರೆಯುತ್ತಿದ್ದರು. ಹೇಗೆ ನಡೆಯಬೇಕು, ಪ್ರಮಾಣ ವಚನಕ್ಕೆ ಕೈ ಎಷ್ಟು ಎತ್ತರ ಎತ್ತಬೇಕು, ಕಾರಿನಿಂದ ಯಾವ ಕಾಲು ಮೊದಲು ಹೊರಗಿಡಬೇಕು, ಇದನ್ನೆಲ್ಲ ಕಲಿಸಲು ದಿನವೂ ಜನ ಬರುತ್ತಿದ್ದರು. ಏನು ಮಾಡಬೇಕೆಂದು ಹೇಳಲು ಮಾತ್ರ ಯಾರೂ ಬಂದಿರಲಿಲ್ಲ. ಅದು ನಿಮಗೆ ಗೊತ್ತೇ ಇದೆಯಲ್ಲ ಎಂಬಂತೆ ನಕ್ಕು, ಬಗ್ಗಿ ನಮಸ್ಕರಿಸಿ ಹೋಗುತ್ತಿದ್ದರು.

ಇವತ್ತು ಸಂಜೆ ಅವಳು ತಾನು ನೇಮಿಸುವ ಪ್ರಧಾನಿಯ ಹೆಸರು ಹೇಳಬೇಕಿತ್ತು. ಅದೊಂದು ಮಾತ್ರ ಅವಳಿಗೆ ಗೊತ್ತಿತ್ತು. ತಾಕ್ ಉನ್‌ಶಿಕ್. ಅವಳಿಗೆ ಕಾನೂನು ಕಲಿಸಿದ ಮೇಷ್ಟ್ರು. ಪಕ್ಷದವರೇ ನಂಬದಿದ್ದ ದಿನಗಳಲ್ಲಿ ಅವಳ ಜೊತೆ ಸಂತೆಗಳಲ್ಲಿ ಅಲೆದು, ಬಸ್ ನಿಲ್ದಾಣದ ಬೆಂಚಿನ ಮೇಲೆ ತಣ್ಣಗಾದ ಅನ್ನದ ಸುರುಳಿ ತಿಂದವರು. "ಗೆದ್ದರೆ ನೀವೇ ಪ್ರಧಾನಿ" ಎಂದು ಅವಳು ಹೇಳಿದ್ದಳು. ಅವರು ನಕ್ಕಿದ್ದರು. ಆದರೆ ಬೇಡ ಎಂದಿರಲಿಲ್ಲ.

ಅವಳು ಅಡುಗೆಮನೆಗೆ ಹಿಂದಿರುಗುವಷ್ಟರಲ್ಲಿ ಮೆಂಗ್ ಒಳಗೆ ಬಂದ. ಅಧಿಕಾರ ವಹಿಸಿಕೊಳ್ಳುವ ಸಿದ್ಧತೆಯೆಲ್ಲ ಅವನ ಕೈಯಲ್ಲಿತ್ತು. ಅವನ ಮುಖ ಮದುವೆಮನೆಯಂತೆ ಬೆಳಗುತ್ತಿತ್ತು.

"ಚುನಾಯಿತರೇ, ಎಂಥಾ ನಡೆ!"

"ಯಾವ ನಡೆ?"

ಮೆಂಗ್ ತೊಡೆ ತಟ್ಟಿಕೊಂಡು ನಕ್ಕ. "ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ, ಅದೂ ಒಂದು ನಡೆ."

ಅವನು ಟಿವಿ ಹಾಕಿದ. ಪರದೆಯ ತುಂಬ ಅವಳ ವರಾಂಡ. ನೂರಾರು ಆರ್ಕಿಡ್‌ಗಳ ನಡುವೆ, ಅವಳ ಅತ್ತೆ ಕೊಟ್ಟ, ಕೋಸಿನ ಉಪ್ಪಿನಕಾಯಿ ಹಾಕುವ ಮಣ್ಣಿನ ಕಿಮ್ಚಿ ಜಾಡಿ. ಜಾಡಿಯ ಮುಚ್ಚಳದ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದು ಬಿಳಿ ಆರ್ಕಿಡ್. ರಿಬ್ಬನ್ನಿನ ಮೇಲೆ ಹೆಸರು: ಪ್ಯೋ ಗ್ವಾಂಗ್‌ರೋಕ್.

ಹೋದ ಚಳಿಗಾಲದಲ್ಲಿ, ಮನೆ ಒಡೆಸಿಕೊಂಡು ಬೀದಿಗೆ ಬಿದ್ದವರ ಡೇರೆಯಲ್ಲಿ ಕೂತು ಇಂಜು ಯಾರ ವಿರುದ್ಧ ಮಾತಾಡಿದ್ದಳೋ, ಆ ಪ್ಯೋ. ಆ ಮನೆಗಳನ್ನು ಒಡೆದದ್ದು ಅವನ ಕಂಪನಿ. ಈಗ ಪಕ್ಷದ ಅರ್ಧ ಸಂಸದರು ಅವನ ಕಡೆಗಿದ್ದರು.

ಟಿವಿಯಲ್ಲಿ ಕನ್ನಡಕದ ಪಂಡಿತನೊಬ್ಬ ಮೆಲುದನಿಯಲ್ಲಿ ಹೇಳುತ್ತಿದ್ದ. "ಅವರು ಮೇಜು ಬಳಸಿಲ್ಲ, ಕುರ್ಚಿ ಬಳಸಿಲ್ಲ. ಕಿಮ್ಚಿ ಜಾಡಿ ಬಳಸಿದ್ದಾರೆ. ಜಾಡಿ ಅಂದರೆ ಬಡವರ ಊಟ, ತಾಯಿಯ ಕೈ, ಚಳಿಗಾಲ ಕಾಯುವ ತಾಳ್ಮೆ. ಅದರ ಮೇಲೆ, ಪ್ರಧಾನಿಯಾಗಿ, ಪ್ಯೋ. ಅಂದರೆ ಬಂಡವಾಳವನ್ನು ಜನಜೀವನದ ಮೇಲೆ ನೆಲೆಗೊಳಿಸುವ ಸರ್ಕಾರ. ಇದು ಅವರ ಬಹುಕಾಲದ ಚಿಂತನೆ."

ಇಂಜು ಒದ್ದೆ ಕೈಯಲ್ಲೇ ನಿಂತು ಕೇಳಿದಳು. ತನ್ನ ಚಿಂತನೆಯನ್ನು ಯಾರೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಪರದೆಯ ಮೇಲಿನ ಆ ಹೆಂಗಸಿಗೆ ಏನು ಬೇಕೆಂಬುದು ಎಷ್ಟು ನಿಚ್ಚಳವಾಗಿತ್ತು! ಒಂದು ಕ್ಷಣ ಅವಳಿಗೆ ಹೊಟ್ಟೆಕಿಚ್ಚಾಯಿತು.

"ಅದನ್ನ ಅಲ್ಲಿ ಇಟ್ಟಿದ್ದು ನಾನಲ್ಲ ಮೆಂಗ್."

"ಹಾಗೇ ಹೇಳೋಣ ಬಿಡಿ. ನಿರಾಕರಿಸಿದಷ್ಟೂ ಜನ ನಂಬ್ತಾರೆ."

ಅವಳು ವರಾಂಡಕ್ಕೆ ಹೋಗಿ ಪ್ಯೋನ ಕುಂಡವನ್ನು ಎತ್ತಿ ನೆಲದ ಮೇಲಿಟ್ಟಳು. ಎದುರಿನ ಕಟ್ಟಡದ ಕಿಟಕಿಗಳಲ್ಲಿ ಏನೋ ಮಿಂಚಿತು. ಅವಳು ಒಳಗೆ ಬಂದು ಅಕ್ಕಿಯ ನೀರು ಬಸಿದು, ಕುಕ್ಕರಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅಷ್ಟರಲ್ಲಿ ಮೆಂಗನ ಎರಡು ಫೋನುಗಳೂ ಒಟ್ಟಿಗೆ ಬಡಿದುಕೊಂಡವು.

"ಚುನಾಯಿತರೇ, ಪ್ಯೋ ಅವರು ತಿಂಡಿ ತಿನ್ನೋವಾಗ ಕುಸಿದು ಬಿದ್ರಂತೆ. ಅವರ ಕಡೆಯ ಸಂಸದರು ಪಕ್ಷ ಬಿಡ್ತಾರಂತೆ. ಸದನದಲ್ಲಿ ನಮಗೆ ಬಹುಮತ ಇರಲ್ಲ. ಸುಮ್ನೆ ಒಂದು ಹೂವಿನ ಕುಂಡಕ್ಕೋಸ್ಕರ..."

"ನೀನೇ ಹೇಳ್ತಿದೀಯಲ್ಲ, ಸುಮ್ನೆ ಒಂದು ಕುಂಡ ಅಂತ."

"ಅದಕ್ಕೇ ಹೇಳ್ತಿರೋದು. ಸುಮ್ನೆ ಒಂದು ಕುಂಡ ತಾನೇ, ಮೇಲಿಟ್ರೆ ಏನಾಗತ್ತೆ?"

ಅವಳು ಸಂವಿಧಾನದ ಬಗ್ಗೆ ಎರಡು ಪುಸ್ತಕ ಬರೆದಿದ್ದಳು. ಎರಡರಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಅವಳು ಹೋಗಿ ಕುಂಡವನ್ನು ಮತ್ತೆ ಜಾಡಿಯ ಮೇಲಿಟ್ಟಳು. ಪ್ಯೋ ಎದ್ದು ಕೂತು ಗಂಜಿ ಕುಡಿದರೆಂದು ಸುದ್ದಿ ಬಂತು. ಕನ್ನಡಕದ ಪಂಡಿತ ಹೇಳಿದ: "ಮೇಲೆ, ಕೆಳಗೆ, ಮತ್ತೆ ಮೇಲೆ. ಹೀಗೆ ಪಳಗಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ."

ಆಗಲೇ ಅವಳು ಗಾಜಿನ ಮೇಲೆ ಒಂದು ಗುರುತು ಕಂಡದ್ದು. ಜಾಡಿಯ ಪಕ್ಕ, ಮೇಲೇರುವ ಮೊದಲು ಕುಂಡವಿದ್ದ ಜಾಗಕ್ಕೆ ನೇರವಾಗಿ, ಉಸಿರಿನ ಮಬ್ಬು ಒಣಗಿದ ಕಲೆ. ನಡುವೆ ಚಿಕ್ಕ ಮೂಗಿನ ಅಚ್ಚು.

ಬೋಮಿ ತನ್ನ ಕೋಣೆಯಲ್ಲಿ ಹಾಸಿಗೆಯ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದಳು. ಎರಡನೇ ಕ್ಲಾಸು. ಚಳಿಗಾಲದ ರಜೆ.

"ಪುಟ್ಟಾ, ಆ ಕುಂಡ..."

"ನನ್ನ ಫ್ರೆಂಡ್ ಸುವಾಗೆ ಕೈ ಬೀಸೋಕೆ ಜಾಗಾನೇ ಇರ್ಲಿಲ್ಲ." ಬೋಮಿ ತಕ್ಷಣ ಅಳುವ ಹಾಗಾದಳು. "ಅವ್ಳು ದಿನಾ ಎದುರುಗಡೆ ಬಿಲ್ಡಿಂಗಿಂದ ಕೈ ಬೀಸ್ತಾಳೆ. ನಂಗೆ ಬರೀ ಹೂವು ಕಾಣತ್ತೆ. ಅದೊಂದನ್ನೇ ಎತ್ತೋಕಾಗಿದ್ದು."

ಇಂಜು ಅವಳ ಕೂದಲು ಸರಿಮಾಡಿದಳು. ಬೆರಳಿಗೆ ಇನ್ನೂ ಅಕ್ಕಿಯ ಗಂಜಿ ಅಂಟಿತ್ತು.

"ಹೇಳ್ಬಿಡಮ್ಮಾ, ನಾನೇ ಇಟ್ಟಿದ್ದು ಅಂತ."

"ಯಾರಿಗೆ ಹೇಳ್ಲಿ?"

"ಟಿವಿಗೆ."

ಅವಳಿಗೆ ನಗು ಬಂತು. ಎಷ್ಟು ಸುಲಭ. ಬಾಗಿಲು ತೆರೆದು ಕೆಳಗಿಳಿದು, ಗೇಟಿನ ಬಳಿ ನಿಂತವರಿಗೆ, ನನ್ನ ಮಗಳು ಗೆಳತಿಗೆ ಕೈ ಬೀಸಲು ಕುಂಡ ಸರಿಸಿದಳು, ಪ್ರಧಾನಿ ತಾಕ್ ಉನ್‌ಶಿಕ್, ಎಂದರೆ ಮುಗಿಯಿತು. ಎರಡು ವಾಕ್ಯ. ಅವಳು ಅವನ್ನು ಮನಸ್ಸಿನಲ್ಲೇ ಹೇಳಿ ನೋಡಿದಳು. ಚೆನ್ನಾಗಿದ್ದವು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಹೇಗೂ ಹೇಳಲೇಬೇಕಲ್ಲ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮೇಷ್ಟ್ರೇ ಬಂದರು. ಕೈಯಲ್ಲಿ ಕುಂಡವಿರಲಿಲ್ಲ. ಭದ್ರತೆಯವರು ಅದಕ್ಕೇ ಅನುಮಾನಪಟ್ಟು, ಅವರನ್ನು ಬಹಳ ಹೊತ್ತು ಕೆಳಗೆ ನಿಲ್ಲಿಸಿದ್ದರು.

"ಬರಿಗೈಲಿ ಬಂದೆ ಕಣಮ್ಮ," ಎನ್ನುತ್ತ ಅವರು ಶೂ ಬಿಚ್ಚಿದರು. "ಗಿಡ ತರೋಣ ಅನ್ಕೊಂಡೆ. ನಿನ್ನ ಮನೇಲಿ ಜಾಗ ಇರಲ್ಲ ಅಂತ ಬಿಟ್ಟೆ."

"ನೀವು ಬಂದಿದ್ದೇ ಸಾಕು ಮೇಷ್ಟ್ರೇ."

ಅವಳು ಬಾರ್ಲಿ ಚಹಾ ತಂದಳು, ಪೇರು ಹಣ್ಣು ಹೆಚ್ಚಿಟ್ಟಳು. ಕುರ್ಚಿಯ ಮೇಲೂ ಆರ್ಕಿಡ್ ಇದ್ದುದರಿಂದ ಇಬ್ಬರೂ ನೆಲದ ಮೇಲೆ ಎಲೆಗಳ ನಡುವೆ ಕೂತರು. ಮೆಂಗ್ ಬಾಗಿಲ ಬಳಿ ಗೋಡೆಗೊರಗಿ ಫೋನು ನೋಡುತ್ತಿದ್ದ. ನಿಜಕ್ಕೆ ನೋಡುತ್ತಿರಲಿಲ್ಲ, ಇವರ ಮಾತು ಕೇಳುತ್ತಿದ್ದ.

"ನಿದ್ದೆ ಮಾಡ್ತಿದೀಯ?"

"ಮಾಡ್ತಿದೀನಿ."

"ಸುಳ್ಳು."

"ಪೇರು ತಗೊಳ್ಳಿ ಮೇಷ್ಟ್ರೇ. ಸಿಹಿ ಇದೆ."

ಅವರು ಒಂದು ಹೋಳು ತೆಗೆದುಕೊಂಡರು, ತಿನ್ನಲಿಲ್ಲ. ವರಾಂಡದ ಕಡೆ ನೋಡುತ್ತ, ಹವಾಮಾನ ಕೇಳುವವರ ಹಾಗೆ ಕೇಳಿದರು. "ಆ ಕುಂಡ ಜಾಡಿ ಮೇಲೆ ಯಾರಿಟ್ರು?"

ಕೋಣೆಯ ಬಾಗಿಲ ಸಂದಿಯಲ್ಲಿ ಬೋಮಿಯ ಒಂದು ಕಣ್ಣು ಕಂಡಿತು. ಮೆಂಗನ ಬೆರಳು ಫೋನಿನ ಮೇಲೆ ನಿಂತಿತು.

"ನಾನೇ," ಎಂದಳು ಇಂಜು.

ಮಗುವನ್ನು ಕಾಪಾಡಲು ಹೇಳಿದೆ ಎಂದು ತನಗೆ ತಾನೇ ಹೇಳಿಕೊಂಡಳು. ರಜೆ ಮುಗಿದ ಮೇಲೆ ಶಾಲೆಯಲ್ಲಿ ಅವಳನ್ನು ಏನೇನು ಕೇಳುತ್ತಾರೋ, ಎಳೆಯ ಮಗು. ಈ ಕಾರಣ ಚೆನ್ನಾಗಿತ್ತು, ತಾಯಿಯದಾಗಿತ್ತು. ಆದರೆ ಅದು ಮಾತಿನ ನಂತರ ಬಂದಿತ್ತು. ಮೊದಲು ಬಂದದ್ದು ಮಾತು.

"ಸರಿ ಹಾಗಾದ್ರೆ." ಮೇಷ್ಟ್ರು ಪೇರಿನ ಹೋಳನ್ನು ತಟ್ಟೆಗೆ ವಾಪಸ್ಸಿಟ್ಟರು. "ತಪ್ಪಾಗಿ ಇಟ್ಟಿದ್ದಾಗಿದ್ರೆ ಕೂತು ಮಾತಾಡೋಣ ಅಂತ ಬಂದೆ. ನೀನೇ ಇಟ್ಟಿದ್ದು ಅಂದ್ಮೇಲೆ ಮಾತಾಡೋಕೇನಿದೆ?"

"ಮೇಷ್ಟ್ರೇ, ಸಂಜೆವರೆಗೂ..."

"ಸಂಜೆ ಚಳಿ ಜಾಸ್ತಿ. ಬೇಗ ಮನೆ ಸೇರ್ಕೋಬೇಕು."

ಹೊರಡುವಾಗ ಅವರು ಪದ್ಧತಿಯಂತೆ ಅವಳಿಗೆ ಬಗ್ಗಿ ನಮಸ್ಕರಿಸಿದರು. ಮೇಷ್ಟ್ರು ಅವಳಿಗೆ ಬಗ್ಗಿದ್ದು ಅದೇ ಮೊದಲು. ಅವಳು ಅವರಿಗಿಂತ ಕೆಳಗೆ ಬಗ್ಗಲು ಹೋಗಿ ಯಾರದೋ ಎಲೆಗಳಿಗೆ ತಲೆ ತಗುಲಿಸಿಕೊಂಡಳು.

ಬಾಗಿಲು ಮುಚ್ಚಿದ ಮೇಲೆ ಮೆಂಗ್ ನಿಟ್ಟುಸಿರು ಬಿಟ್ಟ. "ಒಳ್ಳೆ ಮನುಷ್ಯರು. ಆದ್ರೆ ಒಂದು ಗಿಡ ಕಳಿಸ್ಬೋದಿತ್ತು. ಗಿಡಾನೂ ಕಳಿಸದವರನ್ನ ಪ್ರಧಾನಿ ಮಾಡಿದ್ರೆ, ಕಳಿಸಿದವರೆಲ್ಲ ಏನಂತಾರೆ?"

ಅವಳು ಪೇರಿನ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಸಂಜೆ ಸಭಾಂಗಣದಲ್ಲಿ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಕಲಿಸಿದಂತೆ ನಡೆದಳು, ಕಲಿಸಿದ ಜಾಗದಲ್ಲಿ ನಿಂತಳು. ಕೈಯಲ್ಲಿ ಕಾಗದವಿರಲಿಲ್ಲ, ಹೆಸರನ್ನು ನಾನೇ ಹೇಳುತ್ತೇನೆ ಎಂದಿದ್ದಳು. ಬಾಯಿ ತೆರೆದಳು. ನಾಲಗೆಯ ಮೇಲೆ ಎರಡು ಹೆಸರಿದ್ದವು. ವಿಚಿತ್ರವೆಂದರೆ ಎರಡಕ್ಕೂ ಒಂದೇ ತೂಕವಿತ್ತು. ಒಂದು ಸರಿ, ಇನ್ನೊಂದು ತಪ್ಪು ಎಂಬುದು ಅವಳಿಗೆ ನೆನಪಿತ್ತು. ಹಳೆಯ ಫೋನ್ ನಂಬರು ನೆನಪಿರುವ ಹಾಗೆ, ಕರೆ ಮಾಡಿದರೆ ಯಾರೂ ಎತ್ತದ ಹಾಗೆ. ಅವಳು ಒಳಗೆ ತಡಕಿದಳು, ದೇಶವೆಲ್ಲ ಮಾತಾಡುತ್ತಿದ್ದ ಆ ಬಹುಕಾಲದ ಚಿಂತನೆಗಾಗಿ.

"ಪ್ಯೋ ಗ್ವಾಂಗ್‌ರೋಕ್," ಎಂದು ಯಾರೋ ಹೇಳಿದರು. ಸ್ಪೀಕರಿನಲ್ಲಿ ಬಂದದ್ದು ಅವಳದೇ ದನಿ.

ಚಪ್ಪಾಳೆ ಬಿತ್ತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರಿಗೆಲ್ಲ ಬೆಳಿಗ್ಗೆಯೇ ಗೊತ್ತಿತ್ತು.

ಮನೆಗೆ ಬಂದಾಗ ಕುಂಡಗಳನ್ನು ಸಾಗಿಸುತ್ತಿದ್ದರು. ಅಧ್ಯಕ್ಷರ ನಿವಾಸಕ್ಕೆ ಮೊದಲು ಗಿಡಗಳು, ಆಮೇಲೆ ಜನ; ಚಳಿಗೆ ಹೂವು ಬಾಡಬಾರದು ಎಂದು ಮೆಂಗ್ ಹೇಳಿದ್ದ. ಕೈಗವಸು ಹಾಕಿದ ಆಳುಗಳು ಒಂದೊಂದೇ ಕುಂಡವನ್ನು ಹಸುಗೂಸಿನಂತೆ ಅಪ್ಪಿಕೊಂಡು ಲಿಫ್ಟಿಗೆ ಒಯ್ದರು. ಟೆಹೊ ಸೋಫಾ ಸಿಕ್ಕಿತೆಂದು ಅದರ ಮೇಲೆ ಉದ್ದಕ್ಕೆ ಮಲಗಿದ.

"ಅಂತೂ ಮನೆ ಕಾಣ್ತಿದೆ," ಎಂದ. ಅವಳ ಮುಖ ನೋಡಿದ. "ಊಟ ಮಾಡಿದ್ಯಾ?" ಎಂದ.

ಬೋಮಿ ಏನೋ ಕೇಳಲು ಬಾಯಿ ತೆರೆದು, ಆಳುಗಳನ್ನು ನೋಡಿ ಮುಚ್ಚಿಕೊಂಡಳು. ಅವರು ಹೋಗುವವರೆಗೂ ಅಮ್ಮನ ಹಿಂದೆ ಹಿಂದೆಯೇ ಅಲೆದಳು.

ಕೊನೆಯ ಕುಂಡವೂ ಹೋಯಿತು. ಇಂಜು ವರಾಂಡಕ್ಕೆ ಹೋದಳು. ಖಾಲಿ ನೆಲದ ತುಂಬ ಒದ್ದೆ ಉಂಗುರಗಳು. ಪ್ರತಿ ಕುಂಡವೂ ತಾನಿದ್ದ ಜಾಗದಲ್ಲಿ ಒಂದು ನೀರಿನ ಬಳೆ ಬಿಟ್ಟುಹೋಗಿತ್ತು. ಎದುರಿನ ಕಿಟಕಿಗಳಲ್ಲಿ ಕ್ಯಾಮೆರಾಗಳು ಇನ್ನೂ ಇದ್ದವು. ಅವು ಏನನ್ನು ನೋಡುತ್ತಿವೆ ಎಂದು ಕೆಳಗೆ ನೋಡಿದಾಗ, ತನ್ನೆರಡೂ ಪಾದಗಳು ಒಂದು ಉಂಗುರದ ನಟ್ಟನಡುವೆ, ಗೆರೆ ಮುಟ್ಟದಂತೆ ನೆಟ್ಟಗೆ ನಿಂತಿದ್ದವು. ಹೊರಗೆ ಬರಬೇಕು ಎನ್ನಿಸಿತು. ಯಾವ ಕಡೆ ಕಾಲಿಟ್ಟರೆ ಏನರ್ಥವಾಗುತ್ತದೋ ತಿಳಿಯಲಿಲ್ಲ. ನಿಂತೇ ಇದ್ದಳು. ಉಂಗುರ ಅಂಚಿನಿಂದ ಒಣಗತೊಡಗಿತ್ತು.

ಬೋಮಿ ಬಂದು ಅವಳ ಕೋಟಿನ ತುದಿ ಹಿಡಿದುಕೊಂಡಳು.

"ಅಮ್ಮಾ, ನಾನು ಕುಂಡ ಎತ್ತಿಡದೇ ಇದ್ದಿದ್ರೆ, ನೀನು ಯಾರ ಹೆಸರು ಹೇಳ್ತಿದ್ದೆ?"