ದಾರಿಯ ನಡುವಿನ ನಿಂಬೆಹಣ್ಣು

ಕುಳಗೇರಿ ಕ್ರಾಸಿನಾಚೆ ಕಲ್ಲುಗುಂಡುಗಳ ನಡುವೆ ಮತೀನ ಪೇಂಟ್‌ಬಾಲ್ ಮೈದಾನ ಮಾಡಿದ್ದಾನೆ. ರವಿವಾರ ನನ್ನ ಇಬ್ಬರು ಮಕ್ಕಳೂ ಅಲ್ಲಿ ಬಣ್ಣದ ಗುಂಡು ಹೊಡೆದಾಡುತ್ತಾರೆ. ಸೋಮವಾರ ನಾನು ಅಂಗಿ ತಿಕ್ಕುತ್ತೇನೆ. ಈ ಸಲ ಬುತ್ತಿ ಕಟ್ಟಿಕೊಂಡು ನಾನೂ ಹೋದೆ. ಹುಬ್ಬಳ್ಳಿ ಪಂದ್ಯಕ್ಕೆ ಹೋಗುವ ತಂಡದ ಕ್ಯಾಪ್ಟನ್ ಯಾರೆಂದು ಅಂದೇ ತೀರ್ಮಾನವಾಗಬೇಕಿತ್ತು. ಇಷ್ಟು ದಿನ ದೊಡ್ಡವನು ಪ್ರವೀಣಕುಮಾರನೇ. ಈಗ ಪದ್ಮಶ್ರೀಗೂ ಆಸೆ. ವಾರದಿಂದ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ.

"ಕಡೀ ಸೀಟಿ ಊದೂದರೊಳಗ ಅಣ್ಣನ ಬಾವುಟ ಇಲ್ಲಿಗೆ ತಂದಿ ಅಂದ್ರ ನೀ ಕ್ಯಾಪ್ಟನ್," ಎಂದ ಮತೀನ. "ಇಲ್ಲಂದ್ರ ಅಂವನ ಇರ್ಲಿ. ಬೂಟಿಗೆ ಒಂದು ಹನಿ ಬಣ್ಣ ಹತ್ತಿದ್ರೂ ಔಟ್."

ತಂಡದವರಲ್ಲಿ ಮಗನ ಜೊತೆ ಮುನಾಫ, ಮಗಳ ಜೊತೆ ತಬಸುಮ. ಒಂದೊಂದು ಜೋಡಿಗೆ ಎರಡು ಮೈನು. ಮೈನೆಂದರೆ ಮಣ್ಣಲ್ಲಿ ಮುಚ್ಚಿಡುವ ತಟ್ಟೆ. ಕಾಲಿಟ್ಟರೆ ಬಣ್ಣ ಚಿಮ್ಮುತ್ತದೆ.

ಪದ್ಮಶ್ರೀ ನನ್ನ ಬಳಿ ಓಡಿಬಂದಳು. "ಅವ್ವಾ, ನಿಂಬಿಹಣ್ಣು ಕೊಡು."

"ಒಂದ ಐತೆವಾ, ಪಾನಕಕ್ಕ ತಂದೀನಿ."

"ವಾಪಸ್ ಕೊಡ್ತೇನಿ. ನಿನ್ನ ಕುಂಕುಮದ ಡಬ್ಬಿನೂ ಕೊಡು."

ಈ ಕಡೆಯಿಂದ ಅಣ್ಣನ ಬಾವುಟದ ಕಡೆಗೆ ಎರಡು ಕಲ್ಲುಗುಂಡುಗಳ ನಡುವೆ ಒಂದೇ ಕಿರಿದಾದ ದಾರಿ. ಅದರ ನಡುವೆ ಕುಂಕುಮ ಮೆತ್ತಿದ ನಿಂಬೆಹಣ್ಣು ಇಟ್ಟಳು. ಎಡಕ್ಕೊಂದು, ಬಲಕ್ಕೊಂದು ಮೈನು ಹೂತಳು. ಆಮೇಲೆ ಆಚೆಬದಿಯ ಪೊದೆಯಲ್ಲಿ ಅಡಗಿ ಕೂತಳು.

ಮತೀನ ಆಟ ಶುರುವಿನ ಸೀಟಿ ಊದಿದ. ತಬಸುಮ, ಮುನಾಫ ಒಬ್ಬರನ್ನೊಬ್ಬರು ಹೊಡೆದು, ಇಬ್ಬರೂ ಔಟಾಗಿ ನನ್ನ ಪಕ್ಕ ಬಂದು ಕೂತರು. ಪ್ರವೀಣಕುಮಾರ ಬಂದೂಕು ಹಿಡಿದು ದಾರಿಗೆ ಬಂದ. ಅಮಾವಾಸ್ಯೆಯ ಮರುದಿನ ಕೂಡುರಸ್ತೆಯಲ್ಲಿ ಬಿದ್ದ ಇಂಥ ನಿಂಬೆಹಣ್ಣನ್ನು ನಾನು ಬಳಸಿ ನಡೆದರೆ, "ಯವ್ವಾ, ಯಾವ ಕಾಲದಾಗ ಅದೀ?" ಎಂದು ನಗುವ ಹುಡುಗ ಇವನು. ನಿಂಬೆಹಣ್ಣು ಕಂಡು ನಿಂತ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದ. ಮೆಲ್ಲಗೆ ಎಡಕ್ಕೆ ಸರಿದ.

ಫಚ್!

ಕಾಲಿನಿಂದ ಗದ್ದದವರೆಗೆ ಹಸಿರು.

"ಲೇ, ನಿಂಬಿಹಣ್ಣಿಗೆ ಅಂಜಿದೇನಲೇ?" ಮುನಾಫ ಬಿದ್ದುಬಿದ್ದು ನಕ್ಕ.

"ಅಂಜಿಲ್ಲಲೇ! ಕಾಲು ತಾನ ಸರೀತು!"

ಅಷ್ಟರಲ್ಲಿ ಮಗಳು ಅಣ್ಣನ ಬಾವುಟದ ಹತ್ತಿರ ಹೋಗಿದ್ದಳು. ಅದರ ಬುಡದಲ್ಲೇ ಅವನ ಮೈನುಗಳಿರುತ್ತವೆಂದು ಗೊತ್ತಿತ್ತು. ದೂರದಲ್ಲೇ ನಿಂತು, ನಾನು ನುಗ್ಗೆಕಾಯಿ ಕೀಳುವಂತೆ ಉದ್ದ ಕೋಲಿನಿಂದ ಬಾವುಟ ಎಳೆದುಕೊಂಡು ಓಡಿಬಂದಳು. ಕಲ್ಲುಗುಂಡುಗಳ ನಡುವಿನ ದಾರಿಗೆ ಬಂದವಳೇ ಗಕ್ಕನೆ ನಿಂತಳು.

ಎಡಕ್ಕೆ ಹಸಿ ಬಣ್ಣದ ಕೆಸರು. ಬಲಕ್ಕೆ ಅವಳೇ ಹೂತ ಮೈನು. ನಡುವೆ ಅವಳೇ ಇಟ್ಟ ನಿಂಬೆಹಣ್ಣು.

"ದಾಟಲೇ ಪದ್ದೀ!" ತಬಸುಮ ಕೂಗಿದಳು.

ಪದ್ಮಶ್ರೀ ಒಂದು ಕಾಲು ಎತ್ತಿದಳು. ಮತ್ತೆ ಇಳಿಸಿದಳು. "ಆಗವಲ್ತು!"

"ನೀನ ಇಟ್ಟೀಯಲ್ಲ!"

"ಇಟ್ಟಾಕಿ ನಾನ ಖರೆ! ದಾಟಾಕ ಆಗವಲ್ತು!"

ಮತೀನ ಗಡಿಯಾರ ನೋಡಿ ಸೀಟಿಯನ್ನು ಬಾಯಿಗಿಟ್ಟ. ಮಗಳ ಕಣ್ಣು ತುಂಬಿದವು. ಅವಳು ಚಿಕ್ಕವಳಿದ್ದಾಗ ಕೈಹಿಡಿದು, "ಬಳಸಿ ಬಾ, ತುಳೀಬ್ಯಾಡ," ಎಂದು ಕಲಿಸಿದವಳು ನಾನೇ. ಈಗ ದಾಟು ಎಂದರೆ ಕಾಲು ಕೇಳೀತೇ?

ನಾನು ಬುತ್ತಿಯ ಚೀಲ ಬಿಚ್ಚಿ, ಅಡುಗೆಮನೆಯಿಂದ ಕರೆಯುವ ದನಿಯಲ್ಲೇ ಕರೆದೆ. "ಪದ್ದೀ! ನಿಂಬಿಹಣ್ಣು ವಾಪಸ್ ಕೊಡ್ತೇನಿ ಅಂದಿದ್ದೆಲ್ಲ? ತಗೊಂಡ್ ಬಾ, ಪಾನಕಕ್ಕ ತಡ ಆಗೇತಿ!"

"ಬಂದೆನವಾ!" ಎಂದಳು. ಬಗ್ಗಿದಳು, ಹಣ್ಣು ಎತ್ತಿಕೊಂಡಳು, ನೆಟ್ಟಗೆ ಓಡಿಬಂದು ನನ್ನ ಕೈಗೆ ಕೊಟ್ಟಳು. ಆಗ ಮತೀನ ಕಡೆಯ ಸೀಟಿ ಊದಿದ. ಅವಳ ಇನ್ನೊಂದು ಕೈಯಲ್ಲಿ ಬಾವುಟವಿತ್ತು.

"ಮೋಸ!" ಹಸಿರು ಮೈಯ ಮಗ ಕೂಗಾಡಿದ. "ಅವ್ವಾ, ನೀ ಯಾರ ಕಡಿ?"

"ನಾ ಪಾನಕದ ಕಡಿ."

ಮತೀನ ತಲೆ ಕೆರೆದುಕೊಂಡ. "ಅಕ್ಕಾರ ತಮ್ಮ ಸಾಮಾನ ತಾವು ವಾಪಸ್ ಕೇಳ್ಯಾರ. ಅದಕ್ಕ ನನ್ನ ಕಡೆ ರೂಲ್ ಇಲ್ಲಪಾ."

ಹಣ್ಣು ತೊಳೆದು ಹಿಂಡಿದೆ. ಎಲ್ಲರೂ ಕುಡಿದರು. ಪ್ರವೀಣಕುಮಾರ ಮಾತ್ರ ಲೋಟ ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಾ ಕೂತಿದ್ದ.

"ಯಾಕೋ, ಕುಡಿಯಂಗಿಲ್ಲೇನು?"

"ಕುಡೀತೇನಿ. ಮೊದಲ ಇವ್ರಿಗೇನರ ಆಕ್ಕೈತೇನು ನೋಡಾಕತ್ತೀನಿ."

ಪದ್ಮಶ್ರೀ ಬಾವುಟವನ್ನು ಹೆಗಲಿಗೆ ಹಾಕಿಕೊಂಡು ಅವನೆದುರು ನಿಂತಳು. "ಕುಡಿ ಅಣ್ಣಾ. ಕ್ಯಾಪ್ಟನ್ ಹೇಳಾಕತ್ತಾಳ."

ಅವನು ಕಣ್ಣು ಮುಚ್ಚಿ ಕುಡಿದ. ಅವಳು ಬುತ್ತಿಗೆ ಕೈಹಾಕಿ ಎರಡು ರೊಟ್ಟಿ ತೆಗೆದುಕೊಂಡಳು.