ಅಳತೆ ಮಾಸ್ತರರ ಆಂಟೆನಾ

ಬೆಳಗಿನ ಜಲಮಟ್ಟದ ವಾರ್ತೆ ಬರುವ ಹೊತ್ತಿಗೆ ಆ ಸರಕು ದೋಣಿಯಲ್ಲಿ ಸೊಳ್ಳೆಯೂ ಅಪ್ಪಣೆ ಕೇಳಿಕೊಂಡೇ ಹಾರಬೇಕಿತ್ತು. ಯಜಮಾನರು ಚುಕ್ಕಾಣಿ ಕೋಣೆಯ ರೇಡಿಯೊ ಮುಂದೆ ತೋರುಬೆರಳೆತ್ತಿ ಕೂತರೆಂದರೆ ಹೆಂಡತಿ ಲೋಟವನ್ನೂ ಸದ್ದಾಗದಂತೆ ಇಡಬೇಕು. ಎಲ್ಲಿ ನೀರು ಎಷ್ಟಿದೆ, ಯಾವ ಸೇತುವೆಯ ಅಡಿಯಲ್ಲಿ ಎಷ್ಟು ಎಡೆ ಉಳಿದಿದೆ, ದಾರಿಯಲ್ಲಿ ಏನು ಅಡ್ಡ ಬಿದ್ದಿದೆ ಎಂದು ನದಿ ಕಚೇರಿಯವನು ಓದುತ್ತಾ ಹೋಗುವನು. ಇವರು ಅವನ ಹಿಂದೆಯೇ ಒಂದೊಂದನ್ನೂ ಬಾಯಿಬಿಟ್ಟು ಹೇಳಿಕೊಳ್ಳುವರು.

ನೀರು ಇಳಿದರೆ ತಳ ತಾಗುತ್ತದೆ, ಏರಿದರೆ ತಲೆ ತಾಗುತ್ತದೆ, ಎರಡೂ ತಾಗದ ಹಾಗೆ ಬದುಕುವವನೇ ದೋಣಿಗಾರ ಎಂದು ಕಟ್ಟೆಯ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳಿ ಹೇಳಿ ಯಜಮಾನರಿಗೆ ಅಳತೆ ಮಾಸ್ತರು ಎಂಬ ಹೆಸರು ಅಂಟಿತ್ತು. ಅದು ಗೌರವವೋ ಗೇಲಿಯೋ ಎಂಬ ಅನುಮಾನ ಅವರಿಗೂ ಇತ್ತು. ಆದರೆ ಸಿಕ್ಕಿದ ಪದವಿಯನ್ನು ಯಾರಾದರೂ ವಾಪಸ್ಸು ಕೊಡುತ್ತಾರೆಯೇ?

ಒಂದೇ ಒಂದು ಕೊರಗು. ದೋಣಿ ತಿರುವುಗಳಿಗೆ ಬಂದರೆ ರೇಡಿಯೊ ಗೊರಗೊರ ಎಂದು ಅರ್ಧ ವಾರ್ತೆಯನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಹಿಂದಿನ ವಾರ ಅವರೇ ಚಾವಣಿ ಹತ್ತಿ, ಒಂದಾಳುದ್ದದ ಕೊಳವೆಯನ್ನು ನಿಲ್ಲಿಸಿ, ಅದರ ತುದಿಗೆ ಮೀನಿನ ಮುಳ್ಳಿನಂತೆ ಅಡ್ಡಕಡ್ಡಿಗಳಿದ್ದ ಹೊಸ ಆಂಟೆನಾ ಬಿಗಿದಿದ್ದರು. ಇಷ್ಟುದ್ದ ಯಾಕೆ ಎಂದು ಹೆಂಡತಿ ಕೇಳಿದ್ದಳು. ಉತ್ತರವಾಗಿ ಆಕೆಗೆ ರೇಡಿಯೊ ಅಲೆಗಳ ಬಗ್ಗೆ ದೀರ್ಘ ಉಪನ್ಯಾಸ ದೊರೆಯಿತು. ಆಕೆ ಪಾತ್ರೆ ತೊಳೆಯಲು ಎದ್ದು ಹೋದಳು.

ಆ ದಿನ ವಾರ್ತೆ ಕಿವಿಯಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಮೇಲೆಲ್ಲೋ ಮಳೆಯಾಗಿ ನೀರು ಏರಿದೆ, ಸೆಳೆತ ಜೋರಿದೆ, ಹಳೆಯ ಕಬ್ಬಿಣದ ಸೇತುವೆಯ ಅಡಿಯಲ್ಲಿ ಎಡೆ ತೀರ ಕಡಿಮೆ. ಮಾಸ್ತರರು ಲೆಕ್ಕ ಹಾಕಿದರು. ದೋಣಿ ಖಾಲಿ, ಹಾಗಾಗಿ ನೀರಿನ ಮೇಲೆ ಎತ್ತರಕ್ಕೆ ತೇಲುತ್ತಿದೆ. ಆದರೂ ಚಾವಣಿಗೂ ಸೇತುವೆಗೂ ನಡುವೆ ಒಂದು ಮೊಳ ಉಳಿಯುತ್ತದೆ. ಸಾಕು. ಇವರ ಬೆನ್ನ ಹಿಂದೆಯೇ, ಸಿಮೆಂಟು ತುಂಬಿದ ಇನ್ನೊಂದು ದೋಣಿಯಲ್ಲಿ ಮಗಳು ಬರುತ್ತಿದ್ದಳು. ಚುಕ್ಕಾಣಿ ಹಿಡಿಯುವ ಪರವಾನಗಿ ಸಿಕ್ಕಿದ ಮೇಲೆ ಅವಳ ಮೊದಲ ಪ್ರವಾಹ ಅದು. ಮಾಸ್ತರರು ಫೋನಿನಲ್ಲಿ ಅವಳನ್ನು ಕರೆದು, ಚಾವಣಿಯೊಂದೇ ಅಲ್ಲ, ದೀಪ, ಬಾವುಟದ ಕೋಲು, ಮೇಲಿರುವುದನ್ನೆಲ್ಲ ಎಣಿಸಿಕೋ ಎಂದು ಎರಡೆರಡು ಸಲ ಹೇಳಿದರು. ಆಯ್ತಪ್ಪ ಎಂದಳು.

ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಸೇತುವೆ ಎದುರಾದಾಗ ಮುಂಭಾಗದಲ್ಲಿ ನಿಂತಿದ್ದ ಹೆಂಡತಿ ತಿರುಗಿ ಚಾವಣಿಯ ಕಡೆ ಕೈ ತೋರಿಸಿದಳು. ಮಾಸ್ತರರು ದೊಡ್ಡಸ್ತಿಕೆಯಿಂದ ತಲೆಯಾಡಿಸಿದರು: ಗೊತ್ತು, ಗೊತ್ತು, ಒಂದು ಮೊಳ ಉಳಿಯುತ್ತದೆ. ಆಕೆ ಎರಡೂ ಕೈಯೆತ್ತಿದಳು. ಆಗ ಅವರಿಗೆ ಆಂಟೆನಾ ನೆನಪಾಯಿತು. ಸೆಳೆತ ಬೆನ್ನಿಗೆ ಬಿದ್ದ ದೋಣಿ ನಿಲ್ಲು ಎಂದರೆ ನಿಲ್ಲುತ್ತದೆಯೇ? ಕೊಳವೆ ಕರಕರ ಎಂದು ಬಾಗಿ, ಬುಡದಲ್ಲಿ ಲಟಕ್ಕನೆ ಮುರಿಯಿತು. ಅಡ್ಡಕಡ್ಡಿಗಳು ಸೇತುವೆಯ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡವು. ಸೇತುವೆಯ ನಡುವಿನ ಕಮಾನಿನಲ್ಲಿ ಕೊಳವೆ ಓಲಾಡುತ್ತಾ ಹಿಂದೆ ಉಳಿಯಿತು. ರೇಡಿಯೊ ಪ್ರಾಣ ಬಿಟ್ಟಿತು.

ಚಾವಣಿಗೆ ಒಂದು ಗೀರೂ ಆಗಿರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತಲ್ಲ ಎಂಬುದೇ ಅವರ ಮನಸ್ಸಿಗೆ ಮೊದಲು ಹೊಳೆದದ್ದು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎರಡನೆಯದಾಗಿ, ಯಾರಾದರೂ ನೋಡಿದರೇ ಎಂದು ಎರಡೂ ದಡದ ಕಡೆ ಕಣ್ಣಾಡಿಸಿದರು. ಮೂರನೆಯದು ಮೊದಲು ಬರಬೇಕಿತ್ತು, ಛೇ, ಕೊನೆಗೆ ಬಂತು: ಆ ಕೊಳವೆ ನೇತಾಡುತ್ತಿರುವುದು ಹಿಂದೆ ಬರುವ ದೋಣಿಯ ಚುಕ್ಕಾಣಿ ಕೋಣೆಯ ಗಾಜಿನ ಎತ್ತರಕ್ಕೆ. ಗಾಜಿನ ಹಿಂದೆ ಮಗಳು.

ಮೊಬೈಲಿಗೆ ಕರೆ ಮಾಡಿದರು. ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂಬ ಆಸೆ. ಅವಳು ಎತ್ತಲಿಲ್ಲ. ಸೇತುವೆ ಹತ್ತಿರ ಬಂದಾಗ ಫೋನು ಮುಟ್ಟಿದರೆ ಕೈ ಮುರೀತೀನಿ ಎಂದು ಕಲಿಸಿದವರು ಯಾರು? ಎಲಾ ಮಾಸ್ತರೇ, ನಿನ್ನ ಪಾಠ ಒಂದೊಂದೂ ನಿನ್ನ ಕುತ್ತಿಗೆಗೇ ಬರುತ್ತಿದೆಯಲ್ಲ ಎಂದುಕೊಂಡರು. ಉಳಿದದ್ದು ಗೋಡೆಗೆ ನೇತುಹಾಕಿದ್ದ ಕೈರೇಡಿಯೊ. ಅದರಲ್ಲಿ ಆಡಿದ ಮಾತು ಹತ್ತಿರದ ದೋಣಿಗಳಿಗೂ ಸೇತುವೆಯ ಪಕ್ಕದ ನದಿ ಕಚೇರಿಗೂ ಒಟ್ಟಿಗೆ ಕೇಳುತ್ತದೆ. ಅವರು ಪಾಠ ಹೇಳಿದ ಶಿಷ್ಯರೆಲ್ಲ ಅಲ್ಲೇ ಕಿವಿ ತೆರೆದು ಕೂತಿರುತ್ತಾರೆ.

ಆಗಲೂ ಮಾಸ್ತರರು ಅರ್ಧ ಸತ್ಯದಲ್ಲೇ ಪಾರಾಗಲು ನೋಡಿದರು. ಕಬ್ಬಿಣದ ಸೇತುವೆಯ ನಡುಗಮಾನಿನಲ್ಲಿ ಒಂದು ಕೊಳವೆ ನೇತಾಡುತ್ತಿದೆ, ಎಚ್ಚರ ಎಂದಷ್ಟೇ ಹೇಳಿದರು. ಆಕಾಶದಿಂದ ಉದುರಿತೇನೋ ಎಂಬಂತೆ.

ಕಚೇರಿಯವನಿಗೆ ಗಾಬರಿಯಾಯಿತು. ಸೇತುವೆಯದೇ ಭಾಗ ಕಳಚಿದ್ದರೆ ಅಡಿಯಲ್ಲಿ ಯಾರೂ ಹಾಯುವಂತಿಲ್ಲ, ಎಲ್ಲ ದೋಣಿಗಳೂ ಇದ್ದಲ್ಲೇ ಲಂಗರು ಹಾಕಿ ಎಂದು ಸಾರಿಬಿಟ್ಟ. ಇದ್ದಲ್ಲೇ! ಮಗಳು ಇದ್ದದ್ದು ತಿರುವಿನಲ್ಲಿ, ಮೈತುಂಬ ಭಾರ, ಬೆನ್ನಿಗೆ ಸೆಳೆತ. ಅಲ್ಲಿ ಲಂಗರು ಬಿಟ್ಟರೆ ದೋಣಿ ಅಡ್ಡ ತಿರುಗಿ ನೇರ ಸೇತುವೆಯ ಕಂಬಕ್ಕೆ ಅಪ್ಪಳಿಸುತ್ತದೆ. ಲಂಗರು ಬಿಡ್ತಾ ಇದೀನಿ ಎಂದು ಅವಳ ದನಿ ಕೇಳಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು.

"ಬಿಡಬೇಡಮ್ಮ," ಎಂದರು ಮಾಸ್ತರರು. "ಸೇತುವೆ ಗಟ್ಟಿಯಾಗೇ ಇದೆ. ಅದು ನನ್ನ ಆಂಟೆನಾ. ನೀರಿನ ಮಟ್ಟ ಚೆನ್ನಾಗಿ ಕೇಳಲಿ ಅಂತ ನಾನೇ ನಿಲ್ಸಿದ್ದೆ. ಎಲ್ಲಾ ಎಣಿಸ್ದೆ, ಅದೊಂದನ್ನ ಮರೆತೆ. ಒಂದಾಳುದ್ದ ಇದೆ, ನಿನ್ನ ಗಾಜಿಗೇ ಬರತ್ತೆ. ಎಡಗಮಾನಿಗೆ ತಿರುಗಿಸು, ಇವತ್ತು ಅಲ್ಲೂ ಬೇಕಾದಷ್ಟು ನೀರಿದೆ."

ಯಾರು ಮಾತಾಡುತ್ತಿರುವುದು ಎಂದು ಕಚೇರಿಯವನು ನಿಯಮದಂತೆ ಕೇಳಿದ.

"ಅಳತೆ ಮಾಸ್ತರು," ಎಂದರು.

ಕಚೇರಿಯವನು ಆಜ್ಞೆ ಹಿಂದಕ್ಕೆ ತೆಗೆದುಕೊಂಡ. ಮಾಸ್ತರರು ಹಿಂದಕ್ಕೇ ನೋಡುತ್ತಿದ್ದರು, ಚುಕ್ಕಾಣಿಯನ್ನು ಹೆಂಡತಿ ಹಿಡಿದಿದ್ದಳು. ಎಡಗಮಾನಿನ ನೆರಳಿನಿಂದ ಮಗಳ ದೋಣಿಯ ಮೂತಿ ಹೊರಬಂತು, ಆಮೇಲೆ ಗಾಜು, ಗಾಜಿನ ಹಿಂದೆ ಅವಳು. ಅವರಿಗೆ ಕಣ್ಣು ತುಂಬಿ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಬರದಿದ್ದರೆ ಬೇಡ, ಆನೆಯೂ ಬೇಡ ಎನಿಸಿತು.

ಮಾರನೆಯ ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಮಾಸ್ತರರು ಅಭ್ಯಾಸಬಲದಿಂದ ಬೆರಳೆತ್ತಿ ಕೂತರು. ಸತ್ತ ರೇಡಿಯೊ ಏನು ಹೇಳೀತು? ಹೆಂಡತಿ ಲೋಟವನ್ನು ಟಣ್ಣನೆ ಇಟ್ಟಳು. ಅಷ್ಟರಲ್ಲಿ ಕೈರೇಡಿಯೊದಲ್ಲಿ ಮಗಳ ದನಿ ಬಂತು. ಅಪ್ಪನಿಗೆ ಕೇಳುವುದಿಲ್ಲವೆಂದು ಅವಳೇ ವಾರ್ತೆಯನ್ನು ನಿಧಾನವಾಗಿ, ಎರಡೆರಡು ಸಲ, ಅವರು ಕಲಿಸಿದ ಹಾಗೆಯೇ ಓದಿದಳು. ಕಬ್ಬಿಣದ ಸೇತುವೆಯಲ್ಲಿ ನೇತಾಡುತ್ತಿದ್ದ ಆಂಟೆನಾ ತೆಗೆದಿದ್ದಾರೆ ಎಂಬುದನ್ನೂ ಬಿಡಲಿಲ್ಲ. ಮಾಸ್ತರರು ಒಂದನ್ನೂ ತಪ್ಪಿಸದೆ, ಅದನ್ನೂ ಸೇರಿಸಿ, ತಿರುಗಿ ಒಪ್ಪಿಸಿದರು.

"ಸರಿಯಾಗಿದೆ," ಎಂದಳು ಮಗಳು. "ಮುಂದೆ ಇನ್ನೊಂದು ಸೇತುವೆ ಇದೆ. ಚಾವಣಿ ಮೇಲೆ ಏನಾದ್ರೂ ಇದೆಯಾಪ್ಪ?"

ಏನಿರುತ್ತದೆ, ಮಣ್ಣು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡರು. ಒಂದು ನಿಮಿಷ ಇರು ಎಂದು ಹೇಳಿ, ಕೈರೇಡಿಯೊ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿ ನೋವಿಗೆ ಅಮ್ಮಾ ಎನ್ನುತ್ತಾ ಏಣಿ ಹತ್ತಿದರು. ಮುರಿದ ಕೊಳವೆಯ ಬುಡಕ್ಕೆ ಹೆಂಡತಿ ಒಂದು ದೊಣ್ಣೆ ಬಿಗಿದಿದ್ದಳು. ದೊಣ್ಣೆಗೆ ಹಗ್ಗ ಕಟ್ಟಿದ್ದಳು. ಹಗ್ಗದ ಮೇಲೆ ಒದ್ದೆ ಬಟ್ಟೆ ಗಾಳಿಗೆ ಆಡುತ್ತಿತ್ತು. ಮಾಸ್ತರರು ಬಗ್ಗಿ, ಮೊಳ ಹಾಕಿ, ದೊಣ್ಣೆಯನ್ನು ಬುಡದಿಂದ ತುದಿಯವರೆಗೆ ಅಳೆದರು. ಆಮೇಲೆ ಇಡೀ ನದಿ ಕೇಳುತ್ತದೆ ಎಂಬುದು ಚೆನ್ನಾಗಿ ನೆನಪಿದ್ದೇ ಗುಂಡಿ ಒತ್ತಿದರು.

"ಇದೆಯಮ್ಮ. ನನ್ನ ಬನಿಯನ್ನು. ಎರಡು ಮೊಳ ಎತ್ತರ. ಇಳಿಸ್ತಾ ಇದೀನಿ."