ಕೌದಿಯ ಹೊಟ್ಟೆ

ನನ್ನ ಅವ್ವ ಅನಸೂಯ ಹನ್ನೊಂದು ವರ್ಷದಿಂದ ವಡೋದರದ ನಮ್ಮ ಮನೆಯಲ್ಲೇ ಇದ್ದಾಳೆ. ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ನಾನು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿಕೊಡುವವಳು ನಾನು. ಆದರೆ ಅವಳು ಬಾಯಿ ಬಿಟ್ಟದ್ದು ನನ್ನ ಮಗಳು ದೀಪ್ತಿ ಸೂಜಿ ಹಿಡಿದು ಎದುರಿಗೆ ಕುಳಿತ ಮೇಲೆ.

ದೀಪ್ತಿ ಅಹಮದಾಬಾದಿನಲ್ಲಿ ಬಟ್ಟೆಯ ಕಲೆ ಓದುತ್ತಾಳೆ. ನವರಂಗಪುರದಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದಾಳೆ. ಕೊನೆಯ ವರ್ಷದ ಪ್ರದರ್ಶನಕ್ಕೆ ಒಂದು ಕೌದಿ ಹೊಲಿಯಬೇಕು, ಅದರಲ್ಲಿ ನಮ್ಮ ಮನೆಯ ನಾಲ್ಕು ತಲೆಮಾರಿನ ಹೆಂಗಸರು ಇರಬೇಕು ಎಂದು ಶನಿವಾರ ಶನಿವಾರ ರೈಲು ಹತ್ತಿ ಬರತೊಡಗಿದಳು. ಗಂಡಸರ ಹೆಸರು ಕಲ್ಲಿನ ಮೇಲೂ ಇರುತ್ತದೆ, ಹೆಂಗಸರದು ಹಳೇ ಬಟ್ಟೆಯಲ್ಲಷ್ಟೇ ಉಳಿಯುತ್ತದೆ ಎಂಬುದು ಅವಳ ವಾದ. ನನಗೂ ಆ ಮಾತು ಹಿಡಿಸಿತ್ತು.

ಅವ್ವ ತನ್ನ ಗಂಟು ಬಿಚ್ಚಿದಳು. ತನ್ನ ಅವ್ವನ ಇಳಕಲ್ ಸೀರೆಯ ಚೂರು, ತನ್ನವೇ ಎರಡು ಕುಪ್ಪಸ, ದೀಪ್ತಿಯ ಶಾಲೆಯ ಅಂಗಿ. ತುಂಡು ಕೈಗೆ ಬಂದಂತೆ ಕಥೆ. ತನ್ನ ಅವ್ವ ಮೂರು ದಿನ ಉಪವಾಸ ಕೂತು ಮಗಳನ್ನು ಶಾಲೆಗೆ ಹಾಕಿಸಿದ್ದು, ತಾನು ಮಾವ ಹೇಳಿದ ಗುರುತು ಬಿಟ್ಟು ಬೇರೆಯದಕ್ಕೆ ಮತ ಒತ್ತಿ ಬಂದದ್ದು. ನಾನು ಅಡುಗೆಮನೆಯಲ್ಲಿ ಮಿಕ್ಸರ್ ನಿಲ್ಲಿಸಿ ಕೇಳುತ್ತಿದ್ದೆ. ಐವತ್ತೆರಡು ವರ್ಷದ ಮಗಳಾದ ನನಗೆ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಹಾಗೆನ್ನುವವರು ಹೊರಗಿನ ನಗುವನ್ನು ಒಲೆಯ ಮುಂದೆ ನಿಂತು ಕೇಳಿರಲಿಕ್ಕಿಲ್ಲ.

ಒಂದು ಶನಿವಾರ ನಾನೇ ನನ್ನ ಮೂರು ಸೀರೆ ತಂದು ಮುಂದಿಟ್ಟೆ. ದೀಪ್ತಿ ಸೂಜಿ ಚುಚ್ಚಿ ನೋಡಿದಳು.

“ಮಮ್ಮಿ, ನಿಂದೆಲ್ಲಾ ಸೂರತ್ ಪಾಲಿಸ್ಟರ್. ಸೂಜಿ ಜಾರ್ತದ. ಕೌದಿಗೆ ಓನ್ಲಿ ಕಾಟನ್.”

“ಹಂಗಾದ್ರ ನಾಲ್ಕು ತಲಿಮಾರಿನಾಗ ಒಂದು ಕಮ್ಮಿ ಅಂತ ಬರಿ,” ಎಂದೆ.

ಅವಳು ತಮಾಷೆಯೆಂದು ನಕ್ಕಳು. ಇಲ್ಲಿನ ಅಲ್ಕಾಪುರಿಯ ಆಫೀಸುಗಳಲ್ಲಿರುವ ನಮ್ಮ ಕಡೆಯ ಹುಡುಗರಿಗೆಂದು ದಿನಾ ರೊಟ್ಟಿ ಬಡಿಯುವವಳು ನಾನು. ಬೇಗ ಒಣಗುವ, ಇಸ್ತ್ರಿ ಬೇಡದ ಸೀರೆಯನ್ನಲ್ಲದೆ ಇನ್ನೇನು ಉಡಲಿ?

ಅವತ್ತು ಎಣ್ಣೆ ತಿಕ್ಕುವಾಗ ಅವ್ವನನ್ನು ಕೇಳಿಯೇಬಿಟ್ಟೆ. ನನಗ್ಯಾಕ ಒಂದೂ ಹೇಳಲಿಲ್ಲ?

“ನೀ ಯಾವಾಗ ಕುಂತಿ?” ಎಂದಳು.

ಎಣ್ಣೆ ತಿಕ್ಕುವ ನನ್ನ ಕೈ ಜೋರಾಯಿತು. ಅವ್ವ ಕಾಲು ಹಿಂದಕ್ಕೆಳೆದುಕೊಂಡಳು.

ಮುಂದಿನ ತಿಂಗಳು ದೀಪ್ತಿ ಕೌದಿ ಮುಗಿಸಿ ಹರವಿದಳು. ಅವ್ವ ಅಂಚು ಸವರಿ, ಬಿಚ್ಚು ಅಂದಳು. ನಮ್ಮಲ್ಲಿ ಕೌದಿಯನ್ನು ಹಾಗೆ ಪೂರ್ತಿ ಮುಚ್ಚುವುದಿಲ್ಲ. ಅಂಗೈಯಗಲ ಜಾಗ ಬಿಟ್ಟು, ಒಳಗೆ ರೊಟ್ಟಿಯ ಚೂರಿಟ್ಟು, ಮೇಲೆ ತೇಪೆ ಹಾಕಬೇಕು. ಕೌದಿಯ ಹೊಟ್ಟೆ ಖಾಲಿಯಿದ್ದರೆ ಹೊದ್ದವರ ಹೊಟ್ಟೆಯೂ ಖಾಲಿ. ಹುಳ ಬೀಳುತ್ತದೆ, ಪ್ರದರ್ಶನದವರು ಒಪ್ಪುವುದಿಲ್ಲ ಎಂದು ದೀಪ್ತಿ ಗೊಣಗಿದಳು. ಅವ್ವ ಕೇಳಲಿಲ್ಲ. ಮನೆಗೆ ಉಣಿಸುವವಳೇ ಅದನ್ನು ತುಂಬಬೇಕು ಎಂದು ನನ್ನನ್ನು ಕೂಗಿದಳು.

ಬುಟ್ಟಿಯಿಂದ ಒಣಗಿಸಿದ ಕಟಕ ರೊಟ್ಟಿಯ ಚೂರು ಮುರಿದೆ. ರೊಟ್ಟಿ ಮುಚ್ಚುವ ಬಟ್ಟೆಯ ಮೇಲೆ ಕೈ ನಿಂತಿತು. ಹಳದಿ ಚೌಕಳಿಯ ಹತ್ತಿ ಬಟ್ಟೆ. ರೊಟ್ಟಿ ಮಾರಲು ಶುರುಮಾಡಿದ ವರ್ಷ ಯಾರಿಗೂ ಹೇಳದೆ ನನಗಾಗಿ ಕೊಂಡಿದ್ದ ಸೀರೆ. ಮನೆಯಲ್ಲಿ ಯಾರೂ ಇಲ್ಲದಾಗ ಉಟ್ಟೆ, ಸೆರಗು ರೊಟ್ಟಿಯ ಕಾದ ಹೆಂಚಿಗೆ ತಗುಲಿ ಸುಟ್ಟಿತು. ಕೊಂಡದ್ದನ್ನೇ ಹೇಳದವಳು ಸುಟ್ಟದ್ದನ್ನು ಯಾರಿಗೆ ಹೇಳಲಿ? ಹರಿದು ರೊಟ್ಟಿ ಬಟ್ಟೆ ಮಾಡಿಕೊಂಡಿದ್ದೆ.

ಅದರಲ್ಲೇ ಒಂದು ತುಂಡು ಕತ್ತರಿಸಿ, ಅವ್ವನ ಪಕ್ಕ ಕುಳಿತು, ಕೌದಿಯ ಹೊಟ್ಟೆ ತುಂಬಿಸಿ ತೇಪೆ ಹಾಕಿದೆ. ಸೂಜಿ ಜಾರಲಿಲ್ಲ.

ದೀಪ್ತಿ ಪ್ರತಿ ತುಂಡಿನ ಕಥೆಯನ್ನು ಚೀಟಿಯಲ್ಲಿ ಬರೆದಿದ್ದಳು. “ಅಜ್ಜಿ, ಈ ಯೆಲ್ಲೋ ಪೀಸ್ ಯಾರ್ದು?”

ಅವ್ವ ಕನ್ನಡಕ ಸರಿಸಿಕೊಂಡು, ಬೆರಳಾಡಿಸಿ, ಮೂಸಿಯೂ ನೋಡಿದಳು. ಗೊತ್ತಿಲ್ಲ ಎಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗಾದಷ್ಟು ಸಂತೋಷ ಒಳ್ಳೆಯ ಹೆಂಗಸಿಗೆ ಆಗಬಾರದು.

ಇಬ್ಬರೂ ನನ್ನ ಕಡೆ ತಿರುಗಿದರು.

“ಹಿಟ್ಟು ನಾದ್ಕೋತ ಹೇಳ್ತೀನಿ,” ಎಂದು ಎದ್ದೆ. “ಬೇಕಾದ್ರ ಒಲಿ ಮುಂದ ಬಂದು ನಿಂತು ಕೇಳು.”

ದೀಪ್ತಿ ಚೀಟಿ, ಪೆನ್ನು ಹಿಡಿದು ಹಿಂದೆಯೇ ಬಂದಳು. ಒಬ್ಬಳೇ ಉಳಿದ ಅವ್ವ ಮುಖ ಸಿಂಡರಿಸಿಕೊಂಡು, ತನಗೂ ಅಲ್ಲೊಂದು ಕುರ್ಚಿ ಹಾಕಿರೆಂದು ಕೂಗಿದಳು.